ಉಮ್ಮರಬ್ಬನಿಗೆ ಸನ್ಮಾನ

ಅಕ್ಟೋಬರ್ 12, ಭಾನುವಾರ

ಮಾತಾಡಬಾರದಂತೆ. ಮಣಿಪಾಲದ ಡಾಕ್ಟ್ರಮ್ಮ ಗಂಟಲೊಳಗೆ ಕ್ಯಾಮರಾ ಇಳಿಸಿ ನೋಡಿ, ಸಣ್ಣದೊಂದು ಗಂಟು ಉಂಟು, ಹೆದರುವಂಥದ್ದಲ್ಲ, ಆದರೆ ಸದ್ಯಕ್ಕೆ ಬಾಯಿ ಮುಚ್ಚಿಕೊಂಡಿರಬೇಕು ಎಂದರು. ಪಿಸುಗುಟ್ಟಿದರೆ ಇನ್ನೂ ಕೆಡುಕಂತೆ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನಿಗೆ, ಕಾಪುವಿನಿಂದ ಕಾರ್ಕಳದವರೆಗೆ ಯಾರದೇ ವಾರ್ಷಿಕೋತ್ಸವ ಇರಲಿ ‘ನಿರೂಪಣೆ: ರಾಮದಾಸ ಮಾಸ್ಟ್ರು’ ಎಂದು ಆಮಂತ್ರಣದಲ್ಲಿ ಹಾಕಿಸಿಕೊಂಡವನಿಗೆ ಇದೆಂಥ ಶಿಕ್ಷೆ ಮಾರಾಯ.

ರಮಾಮಣಿಗೆ ಮಾತ್ರ ಭಾರೀ ಖುಷಿ. ಮದುವೆಯಾದ ಮೇಲೆ ಮೊದಲ ಸಲ ಈ ಮನೆಯಲ್ಲಿ ತನ್ನ ಸ್ವರ ತನಗೇ ಕೇಳುತ್ತಾ ಉಂಟಂತೆ. ಮೊಮ್ಮಗಳು ಮಾನ್ಯಾ ಬಿಟ್ಟುಹೋದ ಸ್ಲೇಟನ್ನು ಕಪಾಟಿನ ಮೇಲಿನಿಂದ ತೆಗೆದು, ಒರೆಸಿ, ಬಳಪದ ಸಮೇತ ನನ್ನ ಕೈಗೆ ಕೊಟ್ಟಳು. ‘ಚಾ’ ಎಂದು ಬರೆದು ತೋರಿಸಿದರೆ ಚಾ ಬರುತ್ತದೆ. ‘ಸಕ್ಕರೆ ಕಮ್ಮಿಯಾಯ್ತು’ ಎಂದು ಬರೆದರೆ ಅವಳಿಗೆ ಕನ್ನಡಕ ಸಿಗುವುದಿಲ್ಲ. ಸ್ಲೇಟಿನಲ್ಲಿ ಹಿಡಿಯದ್ದನ್ನು ಇಲ್ಲಿ ಬರೆಯುವ ಎಂದು ಹಳೆಯ ಡೈರಿಯೊಂದನ್ನು ಹುಡುಕಿ ತೆಗೆದಿದ್ದೇನೆ. ಬಾಯಿ ಕಟ್ಟಿದರೆ ಕೈಯಾದರೂ ಓಡಲಿ.

ಸಂಜೆ ಉಮ್ಮರಬ್ಬ ನೋಡಿಕೊಂಡು ಹೋಗಲು ಬಂದಿದ್ದ. ತಾರಾ ಸೌಂಡ್ಸ್‌ನ ಉಮ್ಮರಬ್ಬ ಎಂದರೆ ಈ ಕಡೆ ಗೊತ್ತಿಲ್ಲದವರಿಲ್ಲ. ನಾನು ಆಗಷ್ಟೇ ಮಾಸ್ಟ್ರಾಗಿ ಸೇರಿದ್ದೆ, ಅವನಿಗೆ ಮೀಸೆ ಚಿಗುರುತ್ತಿತ್ತು; ನಾವಿಬ್ಬರೂ, ಶಂಕರಪುರದ ಕಾರ್ಲ್ಟನ್ನೂ, ಇನ್ನೂ ಕೆಲವರೂ ಸೇರಿ ಉದಯತಾರಾ ಯುವಕ ಮಂಡಲ ಕಟ್ಟಿದೆವು. ಆ ‘ತಾರಾ’ವನ್ನೇ ಅವನು ತನ್ನ ಅಂಗಡಿಗೆ ಇಟ್ಟದ್ದು. ಅಂದಿನಿಂದ ನಾನು ಮೈಕಿನ ಮುಂದೆ, ಅವನು ಸ್ವರ ಏರಿಸಿ ಇಳಿಸುವ ಮಿಕ್ಸರಿನ ಹಿಂದೆ. ವೇದಿಕೆಯಲ್ಲಿ ನಮ್ಮನಮ್ಮೊಳಗೆ ಎಂತೆಂಥದ್ದು ಪಿಸುಗುಟ್ಟುತ್ತೇವೆ! ಮುಖ್ಯ ಅತಿಥಿ ಎಲ್ಲಿ ಹಾಳಾಗಿ ಹೋದ, ಈ ಅಜ್ಜನ ಭಾಷಣ ಇವತ್ತು ಮುಗಿಯುತ್ತದಾ, ಹಾರ ಒಂದು ಕಮ್ಮಿ ಬಂತು, ಹಳೆಯದನ್ನೇ ತಿರುಗಿಸಿ ಹಾಕಿ. ಅದರಲ್ಲಿ ಒಂದು ಶಬ್ದವೂ ಇಷ್ಟು ವರ್ಷದಲ್ಲಿ ಹೊರಗೆ ಹೋದದ್ದಿಲ್ಲ. ನಾನು ಮುಖ ತಿರುಗಿಸುವಷ್ಟರಲ್ಲಿ ಅವನ ಕೈ ಮೈಕ್ ಮುಚ್ಚುವ ಗುಂಡಿಯ ಮೇಲೆ ಇರುತ್ತಿತ್ತು.

ನಾನು ಮೂಕನಾದದ್ದು ಕಂಡು ಮೊದಲು ನಕ್ಕ. ಆಮೇಲೆ ಡಿಸೆಂಬರಿನಲ್ಲಿ ನಮ್ಮ ಮಂಡಲಕ್ಕೆ ನಲವತ್ತು ತುಂಬುತ್ತದೆ, ಅಷ್ಟರಲ್ಲಿ ನಿಮ್ಮ ಸ್ವರ ಬಾರದಿದ್ದರೆ ನಾನು ಮೈಕೇ ಇಡುವುದಿಲ್ಲ ಎಂದು ಹೆದರಿಸಿ ಹೋದ.

ಅಕ್ಟೋಬರ್ 26, ಭಾನುವಾರ

ಮಂಡಲದ ಸಭೆ. ಭುಜಂಗನ ಕಾಂಪ್ಲೆಕ್ಸಿನ ಮೇಲಿನ ಹಾಲಿನಲ್ಲಿ. ಭುಜಂಗ ದುಬಾಯಿಯಿಂದ ಬಂದು ಕಂಟ್ರಾಕ್ಟ್ ಹಿಡಿದ ಮೇಲೆ ನಮ್ಮ ಅಧ್ಯಕ್ಷ. ಕಾರ್ಯದರ್ಶಿ ತಿಲಕ್, ನನ್ನದೇ ಶಿಷ್ಯ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗ ಈಗ ಅರ್ಧ ಗಂಟೆ ನಿಂತು ಮಾತಾಡುತ್ತಾನೆ.

ಉಮ್ಮರಬ್ಬ ಬಂದಿರಲಿಲ್ಲ. ಮಿಕ್ಸರಿನವನಿಗೆ ಎಲ್ಲಿಯೋ ಬುಕ್ಕಿಂಗ್ ಇರಬೇಕು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಸಭೆಯ ಸುದ್ದಿ ಹೊಸ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬಂದದ್ದು. ಹಳೆಯ ಗ್ರೂಪಿನಿಂದ ಯಾರನ್ನೂ ತೆಗೆದಿಲ್ಲ ಮಾಸ್ಟ್ರೇ, ಹೊಸದೊಂದು ಮಾಡಿದ್ದು ಅಷ್ಟೇ ಎಂದ ತಿಲಕ್. ನಾನೂ ಆ ಹೊಸ ಗ್ರೂಪಿನಲ್ಲಿ ತಿಂಗಳಿಂದ ಇದ್ದೇನೆ, ದಿನಾ ಬೆಳಿಗ್ಗೆ ಅಲ್ಲಿ ಕೇಸರಿ ಬಾವುಟದ ಕೆಳಗೆ ‘ಶುಭೋದಯ’ ಹಾಕುತ್ತೇನೆ. ಯಾರು ಇದ್ದಾರೆ ಎಂದು ನೋಡಿದ್ದೆ, ಯಾರು ಇಲ್ಲ ಎಂದು ನೋಡಿರಲಿಲ್ಲ.

ವಿಷಯ ಎಂತದ್ದೆಂದರೆ, ಈಗ ಎಲ್ಲಾ ಕಡೆ ಕೇಳುತ್ತಾರಂತೆ, ಮೈಕ್ ಯಾರದ್ದು, ಶಾಮಿಯಾನ ಯಾರದ್ದು ಎಂದು. ನಮ್ಮಲ್ಲಿ ಗಣಪತಿ ಪೂಜೆಯಾಗಿ, ಭಜನೆಯಾಗಿ ಆಮೇಲೆ ಸಭೆ. ಅದಕ್ಕೆ ಅವರ ಮೈಕ್ ಯಾಕೆ? ದ್ವೇಷ ಅಂತ ಎಂತದ್ದೂ ಇಲ್ಲ, ಅವರದ್ದು ಅವರು ನೋಡಿಕೊಳ್ಳಲಿ, ನಮ್ಮದು ನಾವು. ಭುಜಂಗನ ಅಕ್ಕನ ಮಗ ಪ್ರಖ್ಯಾತ್ ಹೊಸ ಮೈಕ್ ಸೆಟ್ ಮಾಡಿದ್ದಾನೆ. ಈ ವರ್ಷಕ್ಕೆ ಉಮ್ಮರಬ್ಬನಿಗೆ ಹೇಳಿ ಆಗಿದೆ, ಇರಲಿ. ಬರುವ ವರ್ಷದಿಂದ ಬೇಡ. ಮೈಕೂ ಬೇಡ, ಸದಸ್ಯರಾಗಿಯೂ ಬೇಡ. ಮಂಡಲದ ಹೆಸರನ್ನೂ ಸ್ವಲ್ಪ ತಿದ್ದಬೇಕು ಎಂದು ಇಷ್ಟನ್ನೂ ತಿಲಕ್ ನಗುನಗುತ್ತಲೇ ಹೇಳಿದ. ಒಂದು ಫೋನ್ ಮಾಡಿ ತಿಳಿಸಿಬಿಡುವ ಎಂದು ಯಾರೋ ಹಿಂದಿನಿಂದ ಅಂದರು.

ಕಾರ್ಲ್ಟನ್ ನನ್ನನ್ನು ನೋಡಿದ. ಅವನು ನೋಡಿದ ಮೇಲೆ ಎಲ್ಲರೂ ನೋಡಿದರು. ಹಳಬರಲ್ಲಿ ಉಳಿದವರು ನಾವೇ ಅಲ್ವಾ. ನಾನು ಗಂಟಲು ಮುಟ್ಟಿ ತೋರಿಸಿದೆ. ಡಾಕ್ಟರರ ಅಪ್ಪಣೆ, ನಾನೆಂತ ಮಾಡಲಿ?

ಆದರೆ ಸುಮ್ಮನೆ ಕೂತುಕೊಳ್ಳಲೂ ಆಗಲಿಲ್ಲ. ಫೋನಿನಲ್ಲಿ ಬೇಡ ಎನ್ನುವುದು ಮನುಷ್ಯತ್ವ ಅಲ್ಲ. ಕಾಗದ ಕೇಳಿ ತೆಗೆದುಕೊಂಡು ಬರೆದು ತಿಲಕ್‌ನ ಕೈಗೆ ಕೊಟ್ಟೆ. ಅವನು ಗಟ್ಟಿಯಾಗಿ ಓದಿದ: “ಹಾಗೇ ಬಿಡುವುದು ಚಂದ ಅಲ್ಲ. ಸನ್ಮಾನ ಮಾಡಿ ಬಿಡುವ.”

ಹಾಲಿನಲ್ಲಿ ಚಪ್ಪಾಳೆಯೇ ಬಿತ್ತು. ಭುಜಂಗ ಎದ್ದು ಬಂದು ನನ್ನ ಕೈ ಕುಲುಕಿದ, ಇದಕ್ಕೇ ಮಾಸ್ಟ್ರು ಬೇಕು ಎನ್ನುವುದು ಎಂದ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಸನ್ಮಾನ ಪತ್ರ, ಎಲ್ಲಾ ಪೂರ್ತಿ ಮಾಡುವುದೆಂದು ತೀರ್ಮಾನವಾಯಿತು. ಪತ್ರ ನಾನೇ ಬರೆಯಬೇಕು, ಉಮ್ಮರಬ್ಬನಿಗೆ ತಿಳಿಸುವುದೂ ನಾನೇ. ಕಾರ್ಲ್ಟನ್ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ, ಸ್ಕೂಟರಿನ ಕೀಗಾಗಿ ಜೇಬು ತಡಕಾಡುತ್ತಿದ್ದ.

ಅಕ್ಟೋಬರ್ 27

ರಮಾಮಣಿಗೆ ಸ್ಲೇಟಿನಲ್ಲಿ ಬರೆದು ತಿಳಿಸಿದೆ. ಮೂರು ಸಲ ಒರೆಸಿ ಮೂರು ಸಲ ಬರೆಯಬೇಕಾಯಿತು. ಅವಳು ಓದಿ ಮುಗಿಸಿ, ಮಂಡಲ ಬಿಡುತ್ತೇನೆ ಎಂದು ಉಮ್ಮರಬ್ಬನವರೇ ಹೇಳಿದ್ದಾರಾ ಎಂದು ಕೇಳಿದಳು. ಕನ್ನಡಕ ಇವತ್ತು ಹೇಗೆ ಸಿಕ್ಕಿತೋ!

ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ. ನಾನು ಆ ಚೀಟಿ ಬರೆಯದಿದ್ದರೆ ಅವನಿಗೆ ಒಂದು ಫೋನ್ ಬರುತ್ತಿತ್ತು, ಮುಗಿಯುತ್ತಿತ್ತು. ಈಗ ವೇದಿಕೆಯ ಮೇಲೆ, ಊರವರ ಎದುರು, ಮರ್ಯಾದೆಯಿಂದ ಆಗುತ್ತದೆ. ಹುಡುಗರು ನನ್ನ ಮಾತು ಕೇಳಿದ್ದೇ ದೊಡ್ಡದು. ಸ್ಲೇಟು ಒರೆಸಿ ‘ಚಾ’ ಎಂದು ಬರೆದೆ.

ನವೆಂಬರ್ 9, ಭಾನುವಾರ

ಉದ್ಯಾವರಕ್ಕೆ ಹೋಗಿ ಉಮ್ಮರಬ್ಬನಿಗೆ ವಿಷಯ ತಿಳಿಸಿ ಬಂದೆ. ಇಷ್ಟು ದಿನ ಮುಂದೆ ಹಾಕಿದ್ದಕ್ಕೆ ಬಸ್ಸು, ಬಿಸಿಲು ಎಂದು ಕಾರಣ ಕೊಡಬಹುದು. ಕಾರಣ ಅದಲ್ಲ.

ಮನೆಯ ಚಾವಡಿ ತುಂಬ ಸ್ಪೀಕರ್ ಪೆಟ್ಟಿಗೆಗಳು. ಸ್ಪೀಕರ್ ಬಿಚ್ಚಿದ ಒಂದು ಪೆಟ್ಟಿಗೆಯೊಳಗೆ ಅವನ ಮೊಮ್ಮಗಳು ಗೊಂಬೆ ಮಲಗಿಸುತ್ತಿದ್ದಳು. ಆಮಂತ್ರಣ ಪತ್ರಿಕೆಯ ಕರಡು ತೆಗೆದು ‘ಸನ್ಮಾನ’ ಎಂದಿದ್ದಲ್ಲಿಗೆ ಬೆರಳು ಇಟ್ಟು ತೋರಿಸಿದೆ. ಉಮ್ಮರಬ್ಬ ಓದಿದ. ಮತ್ತೆ ಓದಿದ. ಹೆಂಡತಿ ಝೊಹರಾಳನ್ನು ಕರೆದು ಅವಳ ಕೈಯಲ್ಲೂ ಓದಿಸಿದ.

“ನನಗಾ ಮಾಸ್ಟ್ರೇ? ಮೈಕಿನವನಿಗೆ ಯಾರಾದರೂ ಸನ್ಮಾನ ಮಾಡ್ತಾರಾ?”

ಊರಿನವರಿಗೆಲ್ಲ ಶಾಲು ಬೀಳುವುದನ್ನು ಅವನು ಮಿಕ್ಸರಿನ ಹಿಂದಿನಿಂದ ನೋಡಿದವನು. ಆದರೂ ಅವನಿಗೆ ಎಷ್ಟು ಸಂಶಯ! ಶಾಲು ಹೊದೆಸುವಾಗ ಫೋಟೊದವನ ಕಡೆ ನೋಡಬೇಕಾ, ಜನರ ಕಡೆ ನೋಡಬೇಕಾ. ಪೇಟ ಇಡುವಾಗ ಟೊಪ್ಪಿ ತೆಗೆಯಬೇಕಾ. ಮನೆಯವರನ್ನು ಕರೆದುಕೊಂಡು ಬರಬಹುದಾ, ಮುಂದಿನ ಸಾಲಿನಲ್ಲಿ ಕೂರಿಸಬಹುದಾ. ನಾನು ಎಲ್ಲದಕ್ಕೂ ತಲೆ ಆಡಿಸಿದೆ. ಅಷ್ಟು ಹೊತ್ತು ಮಿಕ್ಸರಿಗೆ ಯಾರು ಎಂದು ಝೊಹರಾ ಕೇಳಿದಳು. ಐದು ನಿಮಿಷ ತಾನೇ, ಮೈಕ್ ತೆರೆದು ಹಾಗೇ ಬಿಟ್ಟು ಹೋಗುವುದು, ಮಾಸ್ಟ್ರು ಮಾತಾಡುವಾಗ ಎಂತ ಆಗುವುದಿಲ್ಲ ಎಂದ.

ನಿಜ ಹೇಳಬೇಕು ಎಂದೇ ಹೋದದ್ದು. ಗಂಟಲು ಇಲ್ಲದಿದ್ದರೆ ಏನಂತೆ, ಪೆನ್ನು ಜೇಬಿನಲ್ಲೇ ಇತ್ತು. ಎರಡು ಸಲ ಮುಟ್ಟಿಯೂ ನೋಡಿದೆ. ಅಷ್ಟರಲ್ಲಿ ಝೊಹರಾ ನನಗೆಂದು ಕಲ್ಲುಸಕ್ಕರೆ ಹಾಕಿದ ಜೀರಿಗೆ ಕಷಾಯ ತಂದಳು, ಗಂಟಲಿಗೆ ಒಳ್ಳೆಯದು ಎಂದಳು. ಕುಡಿದು ಬಂದೆ. ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತಿದೆ, ಇದನ್ನು ಇಲ್ಲಿ ಬಿಟ್ಟು ಎಲ್ಲಿ ಬರೆಯಲಿ.

ನವೆಂಬರ್ 23

ಸನ್ಮಾನ ಪತ್ರ ಮುಗಿಯಿತು. ಚೆನ್ನಾಗಿ ಬಂದಿದೆ, ನಾನೇ ಹೇಳುವುದಲ್ಲ. ‘ತೆರೆಮರೆಯಲ್ಲಿ ನಿಂತು ನಾಡಿನ ದನಿಯನ್ನು ಮನೆಮನೆಗೆ ಮುಟ್ಟಿಸಿದ ಸಜ್ಜನರೇ’ ಎಂದು ಆರಂಭ. ಕಷ್ಟ ಇದ್ದದ್ದು ಕೊನೆಯಲ್ಲಿ. ಬರುವ ವರ್ಷದಿಂದ ಬೇಡ ಎನ್ನುವುದು ಗೊತ್ತಾಗಬೇಕು, ಆದರೆ ಚುಚ್ಚಬಾರದು. ನಾಲ್ಕು ದಿನ ಒದ್ದಾಡಿ ಹೀಗೆ ಮಾಡಿದೆ: ‘ಸುದೀರ್ಘ ಸೇವೆಯ ಬಳಿಕ ವಿಶ್ರಾಂತಿಗೆ ತೆರಳುತ್ತಿರುವ ಈ ಶುಭಸಂದರ್ಭದಲ್ಲಿ ತಮ್ಮ ಮುಂದಿನ ದಿನಗಳು ನೆಮ್ಮದಿಯಿಂದ ಕೂಡಿರಲಿ.’ ಅವನಿಗಿನ್ನೂ ಅರವತ್ತಾಗಿಲ್ಲ. ಇರಲಿ, ವಿಶ್ರಾಂತಿ ಯಾರಿಗೆ ಬೇಡ.

ತಿಲಕ್ ಬಂದು ಓದಿ ಒಂದೇ ತಿದ್ದುಪಡಿ ಹೇಳಿದ. ‘ಶ್ರೀ ಉಮ್ಮರಬ್ಬ’ ಎನ್ನುವುದು ಬೇಡ, ‘ಜನಾಬ್ ಉಮ್ಮರಬ್ಬ’ ಎಂದು ಹಾಕುವ, ಅವರಿಗೆ ಅದು ಗೌರವ ಅಲ್ವಾ ಎಂದ. ನಮ್ಮ ಮೊದಲ ವರ್ಷದ ಆಮಂತ್ರಣದಿಂದ ಈವರೆಗೆ ಎಲ್ಲದರಲ್ಲೂ ಅವನು ಶ್ರೀ ಉಮ್ಮರಬ್ಬನೇ. ಪ್ರೆಸ್ಸಿಗೆ ನಾನೇ ಕೊಟ್ಟವನು, ನನಗೆ ಗೊತ್ತಿಲ್ಲವಾ? ಒಂದೇ ಅಕ್ಷರಕ್ಕೆ ಜಗಳ ಯಾಕೆ ಎಂದು ತಿದ್ದಿ ಕೊಟ್ಟೆ. ತಿದ್ದಿದ ಮೇಲೆ ನೋಡುವಾಗ ಯಾರೋ ಗುರುತಿಲ್ಲದವರಿಗೆ ಬರೆದ ಪತ್ರದ ಹಾಗೆ ಕಂಡಿತು.

ತಿಲಕ್ ಈಗ ನಿಜಕ್ಕೂ ಚಂದ ಕನ್ನಡ ಮಾತಾಡುತ್ತಾನೆ. ಹೋಗುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಡಿಸೆಂಬರ್ 14

ಡಾಕ್ಟ್ರಮ್ಮ ಬಾಯಿ ಬಿಡಲು ಒಪ್ಪಿದರು. ಮೆಲ್ಲ, ಸ್ವಲ್ಪ, ದಿನಕ್ಕೆ ಕೆಲವೇ ಮಾತು. ನನ್ನ ಮೊದಲ ಮಾತು ‘ರಮಾಮಣಿ’ ಎಂದೇ ಇರಲಿ ಎಂದು ಬಸ್ಸಿನಲ್ಲಿ ಕಂಡಕ್ಟರಿಗೂ ಸನ್ನೆಯಲ್ಲೇ ಟಿಕೆಟ್ ಕೇಳಿ ಬಂದೆ. ಕರೆದೆ. ಅವಳು ಅಡುಗೆಮನೆಯಿಂದ, ಇಷ್ಟು ಬೇಗವಾ, ಎಂದಳು. ಸ್ಲೇಟನ್ನು ತೊಳೆದು ಕಪಾಟಿನ ಮೇಲೆ ಇಟ್ಟುಬಿಟ್ಟಳು.

ಸಂಜೆ ಉಮ್ಮರಬ್ಬನ ಫೋನ್. ನನ್ನ ಸ್ವರ ಕೇಳಿ ಅವನಿಗೆ ಹಬ್ಬ. ಗಟ್ಟಿಯಾಗಿ ಮಾತಾಡಬೇಡಿ ಮಾಸ್ಟ್ರೇ, ನಿಮಗೆಂದೇ ಮಂಗಳೂರಿನಿಂದ ಬೇರೆ ಮೈಕ್ ತರಿಸಿದ್ದೇನೆ, ಉಸಿರು ಬಿಟ್ಟರೂ ಮೈದಾನದ ಆಚೆ ಕೇಳುತ್ತದೆ ಎಂದ. ಅವನ ಮಗಳಂದಿರೂ ಬರುತ್ತಾರಂತೆ. ಒಬ್ಬಳು ಕಾರ್ಕಳದಿಂದ, ಒಬ್ಬಳು ಪಡುಬಿದ್ರಿಯಿಂದ.

ಈಗ ಸ್ವರ ಉಂಟು. ಹೇಳಬಹುದಿತ್ತು. ದಿನಕ್ಕೆ ಕೆಲವೇ ಮಾತು ಎಂದಿದ್ದಾರೆ ಎಂದು ಫೋನ್ ಇಟ್ಟೆ.

ಡಿಸೆಂಬರ್ 20, ಶನಿವಾರ

ಇವತ್ತು ಬರೆಯಲಾರೆ.

ಡಿಸೆಂಬರ್ 21

ಬರೆಯದೆ ಇರಲೂ ಆಗುವುದಿಲ್ಲ.

ನಿನ್ನೆ ಶಾಲೆಯ ಮೈದಾನ ತುಂಬಿತ್ತು. ಪೂಜೆ, ಭಜನೆ ಮುಗಿದು ಸಭೆ ಆರಂಭವಾಗುವಾಗ ಏಳು ಗಂಟೆ. ಉಮ್ಮರಬ್ಬ ಇಸ್ತ್ರಿ ಮುರಿಯದ ಬಿಳಿ ಅಂಗಿ ಹಾಕಿ, ಹೊಸ ಟೊಪ್ಪಿ ಇಟ್ಟು ಮಿಕ್ಸರಿನ ಹಿಂದೆ ಕೂತಿದ್ದ. ಮುಂದಿನ ಸಾಲಿನಲ್ಲಿ ಝೊಹರಾ, ಮಗಳಂದಿರು, ಆ ಗೊಂಬೆಯ ಮೊಮ್ಮಗಳು. ಕಾರ್ಯಕ್ರಮಕ್ಕೆ ಮೊದಲು ಅವನೇ ಬಂದು ಹೊಸ ಮೈಕನ್ನು ನನ್ನ ಬಾಯಿಯ ಮಟ್ಟಕ್ಕೆ ಸರಿಮಾಡಿ ಕೊಟ್ಟ. ಹಲೋ ಎಂದೆ. ನನ್ನ ಹಳೆಯ ಸ್ವರವೇ ಬಂತು, ಇನ್ನೂ ಚಂದವಾಗಿ.

‘ಈಗ ಸನ್ಮಾನ’ ಎಂದು ಹೆಸರು ಕರೆದೆ. ಅವನು ಮಿಕ್ಸರ್ ಬಿಟ್ಟು ಎದ್ದು, ಕೈ ಒರೆಸಿಕೊಂಡು, ವೇದಿಕೆ ಹತ್ತಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಪತ್ರ ಓದಿದೆ. ಓದುವಾಗ ನಾಚಿಕೆ ಆಗಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಎರಡು ತಿಂಗಳ ಮೇಲೆ ಮೈಕ್ ಸಿಕ್ಕಿತ್ತು, ನನ್ನ ಸ್ವರ ನನಗೇ ಹಿತವಾಗುತ್ತಿತ್ತು. ‘ವಿಶ್ರಾಂತಿಗೆ ತೆರಳುತ್ತಿರುವ’ ಎಂಬಲ್ಲಿ ಒಂಚೂರು ನಿಲ್ಲಿಸಿ ಓದಿದೆ. ಉಮ್ಮರಬ್ಬ ನಗುತ್ತಲೇ ಇದ್ದ. ಭುಜಂಗ ಶಾಲು ಹೊದೆಸಿದ, ಅತಿಥಿಗಳು ಹಾರ ಹಾಕಿದರು, ಪೇಟ ಇಡಲು ಅವನು ಟೊಪ್ಪಿ ತೆಗೆದು ಜೇಬಿಗೆ ಹಾಕಿಕೊಂಡ. ಪ್ರಖ್ಯಾತ್ ಕೆಳಗೆ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ.

ಆಗ ತಿಲಕ್ ನನ್ನ ಕಿವಿಯ ಹತ್ತಿರ ಬಗ್ಗಿದ. ಬರುವ ವರ್ಷದಿಂದ ಬೇಡ ಅಂತ ಅವರಿಗೆ ಹೇಳಿದ್ದೀರಲ್ಲ ಮಾಸ್ಟ್ರೇ ಎಂದು ಕೇಳಿದ. ನಾನು ಯಾವಾಗಿನ ಹಾಗೆ ಮುಖ ಸ್ವಲ್ಪ ಆಚೆ ತಿರುಗಿಸಿ ಪಿಸುಗುಟ್ಟಿದೆ.

“ಬಾಯಲ್ಲಿ ಹೇಳಲಿಲ್ಲ. ಪತ್ರದಲ್ಲಿ ಚಂದ ಮಾಡಿ ಹಾಕಿದ್ದೇನೆ. ಅವನಿಗೆ ಗೊತ್ತಾಗುವುದಿಲ್ಲ.”

ಮೈದಾನದ ಆಚೆ ತುದಿಯ ಸ್ಪೀಕರಿನಿಂದ ನನ್ನ ಮಾತು ನನಗೇ ತಿರುಗಿ ಬಂತು. ತಿಲಕ್‌ನ ಪ್ರಶ್ನೆಯೂ, ನನ್ನ ಉತ್ತರವೂ, ಒಂದೊಂದು ಅಕ್ಷರವೂ. ಗುಂಡಿ ಇಳಿಸುವ ಕೈ ಕುರ್ಚಿಯ ಮೇಲೆ ಹಣ್ಣಿನ ಬುಟ್ಟಿ ಹಿಡಿದು ಕೂತಿತ್ತು.

ಝೊಹರಾ ನನ್ನನ್ನೇ ನೋಡಿದಳು. ಯಾರಾದರೂ ಬೈಯಲಿ, ಒಂದು ಕುರ್ಚಿಯಾದರೂ ಎತ್ತಿ ಬಿಸಾಡಲಿ ಎಂದು ನನಗೆ ಆ ಹೊತ್ತಿಗೆ ಅನಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸನ್ಮಾನ ಆದ ಮೇಲೆ ಚಪ್ಪಾಳೆ ತಟ್ಟುವ ಅಭ್ಯಾಸವೋ, ಮಾತು ಕೇಳಿ ಖುಷಿಯಾಗಿಯೋ, ನನಗೆ ಗೊತ್ತಿಲ್ಲ. ಅವರ ಹಿಂದೆ ಇನ್ನೊಬ್ಬರು, ಆಮೇಲೆ ಇಡೀ ಮೈದಾನ. ನಾನು ಪಾಠ ಹೇಳಿದ ಮಕ್ಕಳು, ಅವರ ಮಕ್ಕಳು, ಎಲ್ಲಾ ತಟ್ಟಿದರು.

ಉಮ್ಮರಬ್ಬ ಎದ್ದ. ಜನರಿಗೆ ಒಮ್ಮೆ ಕೈ ಮುಗಿದ. ಪೇಟ ತೆಗೆದು ಕುರ್ಚಿಯ ಮೇಲೆ ಇಟ್ಟು, ಜೇಬಿನಿಂದ ಟೊಪ್ಪಿ ತೆಗೆದು ಹಾಕಿಕೊಂಡು ಮೆಟ್ಟಿಲು ಇಳಿದ. ಮನೆಗೆ ಹೋಗುತ್ತಾನೆ ಎಂದುಕೊಂಡೆ. ಅವನು ಶಾಲು, ಹಾರದ ಸಮೇತ ಹೋಗಿ ಮಿಕ್ಸರಿನ ಹಿಂದೆ ಕೂತು ಗುಂಡಿ ಇಳಿಸಿದ. ನನ್ನ ಮೈಕ್ ಸತ್ತಿತು. ಮುಂದಿನದ್ದು ಮಕ್ಕಳ ನೃತ್ಯ. ಹಾಡು ಸರಿಯಾದ ಹೊತ್ತಿಗೆ ಬಂತು.

ವಂದನಾರ್ಪಣೆಯವರೆಗೂ ನಾನೇ ನಿರೂಪಣೆ ಮಾಡಬೇಕಲ್ಲ. ಮಾಡಿದೆ. ನಾನು ಬಾಯಿ ತೆರೆಯುವಾಗ ಮೈಕ್ ತೆರೆಯುತ್ತಿತ್ತು, ಮುಚ್ಚುವಾಗ ಮುಚ್ಚುತ್ತಿತ್ತು. ನನ್ನ ಒಂದು ಕೆಮ್ಮೂ ಹೊರಗೆ ಹೋಗದ ಹಾಗೆ ಕೊನೆಯವರೆಗೆ ನೋಡಿಕೊಂಡ. ಅಷ್ಟರಲ್ಲಿ ಝೊಹರಾ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಆಗಿತ್ತು. ಹಣ್ಣಿನ ಬುಟ್ಟಿ ವೇದಿಕೆಯಲ್ಲೇ ಉಳಿಯಿತು.

ರಮಾಮಣಿ ಮೂರನೇ ಸಾಲಿನಲ್ಲಿದ್ದಳು.

ಡಿಸೆಂಬರ್ 22

ಹೊಸ ಗ್ರೂಪಿನಲ್ಲಿ ಫೋಟೊಗಳ ಮಳೆ. ಅರ್ಥಪೂರ್ಣ ಸನ್ಮಾನ, ಸಾಮರಸ್ಯದ ಸನ್ಮಾನ, ಮಾಸ್ಟ್ರ ನಿರೂಪಣೆ ಅದ್ಭುತ, ಒಂದರ ಮೇಲೊಂದು ಹೆಬ್ಬೆರಳು. ಆ ಮಾತಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ನಾನೇ ಕನಸು ಕಂಡೆನಾ ಎನ್ನುವ ಹಾಗೆ.

ಮಧ್ಯಾಹ್ನ ಭುಜಂಗ ಫೋನ್ ಮಾಡಿದ. ನನ್ನ ಸ್ವರದಲ್ಲಿ ಎಂತ ಕೇಳಿತೋ, ಬೇಜಾರು ಮಾಡಬೇಡಿ ಮಾಸ್ಟ್ರೇ ಎಂದ. “ಒಂದು ರೀತಿಯಲ್ಲಿ ಒಳ್ಳೆಯದೇ ಆಯ್ತಲ್ಲ. ನಮಗೆ ಹೇಳುವ ಕೆಲಸ ಉಳಿಯಿತು.”

ಹೌದು ಎಂದೆ. ನನ್ನ ಬಾಯಿಂದ ಹೌದು ಎಂದೇ ಬಂತು.

ಡಿಸೆಂಬರ್ 24

ಕಾಪು ಪೇಟೆಯಲ್ಲಿ ಕಾರ್ಲ್ಟನ್ ಸಿಕ್ಕಿದ. ಕ್ರಿಸ್‌ಮಸ್ ಸಾಮಾನಿನ ಚೀಲ ಕೈಯಲ್ಲಿತ್ತು. ಹಬ್ಬದ ಶುಭಾಶಯ ಹೇಳಿದೆ, ಅವನೂ ಹೇಳಿದ. ಮಂಡಲದ ಮಾತು ಬಾರದಿರಲಿ ಎಂದು ನಾನು ಅವನ ಮಲ್ಲಿಗೆ ಗಿಡಗಳ ವಿಚಾರ ಕೇಳಿದೆ. ಅದಕ್ಕೆ ಸರಿಯಾಗಿ ಉತ್ತರ ಕೊಟ್ಟು, ಸ್ಕೂಟರ್ ಸ್ಟಾರ್ಟ್ ಮಾಡಿ, ಆಮೇಲೆ ಹೇಳಿದ.

“ನನ್ನ ಸನ್ಮಾನ ಪತ್ರ ಬರೆಯುವಾಗ ಸ್ವಲ್ಪ ಸುಲಭದ ಕನ್ನಡದಲ್ಲಿ ಬರೆಯಿರಿ ಮಾಸ್ಟ್ರೇ. ನನಗೆ ಗೊತ್ತಾಗಬೇಕಲ್ಲ.”

ಅವನು ಹೋದ ಮೇಲೂ ನಾನು ಬಹಳ ಹೊತ್ತು ತರಕಾರಿ ಅಂಗಡಿಯ ಎದುರು ನಿಂತಿದ್ದೆನಂತೆ. ಎಂತ ಬೇಕು ಮಾಸ್ಟ್ರೇ ಎಂದು ಅಂಗಡಿಯವರು ಕೇಳಿದಾಗ ಒಂದೂ ನೆನಪಾಗಲಿಲ್ಲ. ಬೇಡದ ಸುವರ್ಣಗಡ್ಡೆ ತಂದು ಬೈಸಿಕೊಂಡೆ.

ಡಿಸೆಂಬರ್ 28, ಭಾನುವಾರ

ಉದ್ಯಾವರಕ್ಕೆ ಹೋದೆ. ಹೋಗಿ ಬನ್ನಿ ಎಂದು ರಮಾಮಣಿ ಹೇಳಲಿಲ್ಲ, ಹೊರಟಾಗ ಕೊಡೆ ಮಾತ್ರ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಎಂತ ಹೇಳಬೇಕೆಂದು ಅಭ್ಯಾಸ ಮಾಡುತ್ತಾ ಹೋದೆ. ಹಾಳಾದ್ದು, ಕ್ಷಮೆ ಕೇಳಲು ಹೊರಟರೂ ಸನ್ಮಾನ ಪತ್ರದ ಹಾಗೆಯೇ ಬರುತ್ತದೆ. ‘ಸುದೀರ್ಘ ಸ್ನೇಹಕ್ಕೆ’ ಎಂದು ಆರಂಭವಾದದ್ದನ್ನು ಅಲ್ಲಿಗೇ ಬಿಟ್ಟೆ. ಕಡೆಗೆ, ತಪ್ಪಾಯಿತು ಮಾರಾಯ, ಎನ್ನುವುದು ಸಾಕು ಎಂದು ನಿಶ್ಚಯ ಮಾಡಿದೆ.

ಉಮ್ಮರಬ್ಬ ಚಾವಡಿಯಲ್ಲಿ ವಯರು ಸುತ್ತುತ್ತಿದ್ದ. ಎದ್ದು ಕುರ್ಚಿ ಕೊಟ್ಟ. ಸಿಟ್ಟು ಎಂತದ್ದೂ ಕಾಣಲಿಲ್ಲ, ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ಪೀಕರ್ ಪೆಟ್ಟಿಗೆಯೊಳಗಿದ್ದ ಮೊಮ್ಮಗಳು ನನ್ನನ್ನು ನೋಡಿ ಎದ್ದು ಒಳಗೆ ಓಡಿದಳು. ಝೊಹರಾ ಹೊರಗೆ ಬರಲಿಲ್ಲ.

‘ಉಮ್ಮರಬ್ಬ’ ಎಂದು ಶುರುಮಾಡಿದೆ. ಅವನು ಕೈ ಎತ್ತಿ ತಡೆದ. ಮಿಕ್ಸರಿನ ಹಿಂದಿನಿಂದ, ಸಾಕು, ಸ್ವರ ಸರಿ ಉಂಟು ಎಂದು ಕೈ ಎತ್ತಿ ತೋರಿಸುತ್ತಿದ್ದನಲ್ಲ, ಹಾಗೆಯೇ.

“ಡಾಕ್ಟ್ರು ಮಾತಾಡಬೇಡಿ ಅಂದಿದ್ದಾರಲ್ಲ ಮಾಸ್ಟ್ರೇ.”

ಅಷ್ಟೇ. ಆಮೇಲೆ ವಯರು ಸುತ್ತುವುದನ್ನು ಮುಂದುವರಿಸಿದ. ಸುತ್ತಿ ಮುಗಿದದ್ದನ್ನು ಮೊಳೆಗೆ ತೂಗುಹಾಕಿ ಇನ್ನೊಂದನ್ನು ತೆಗೆದುಕೊಂಡ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಅವನು ಗೇಟಿನವರೆಗೆ ಬಂದು, ನಾನು ಮರೆತ ಕೊಡೆ ತಂದುಕೊಟ್ಟ.

ಜನವರಿ 11, ಭಾನುವಾರ

ಬಹಳ ದಿನ ಬರೆಯಲಿಲ್ಲ, ಬರೆಯಲು ಎಂತದ್ದೂ ಇರಲಿಲ್ಲ. ಗಂಟು ಪೂರ್ತಿ ಕರಗಿದೆಯಂತೆ. ಇನ್ನು ಎಷ್ಟು ಬೇಕಾದರೂ ಮಾತಾಡಬಹುದು. ಉಡುಪಿಯಲ್ಲಿ ಮಠದ ಪರ್ಯಾಯೋತ್ಸವದ ಗೌಜಿ. ಒಂದು ಸಾಂಸ್ಕೃತಿಕ ವೇದಿಕೆಯ ನಿರೂಪಣೆ ನನಗೆ ಸಿಕ್ಕಿದೆ, ಭುಜಂಗನೇ ಹೇಳಿಸಿದ್ದು. ಮೈಕ್ ಪ್ರಖ್ಯಾತ್‌ನದ್ದು. ಮೊನ್ನೆ ಒಂದು ಕಡೆ ನೋಡಿದೆ, ಬೇಸ್ ಸ್ವಲ್ಪ ಜಾಸ್ತಿ ಮಾಡುತ್ತಾನೆ, ಹೇಳಿದರೆ ಕಲಿಯುವ ಹುಡುಗ. ಹುಡುಗರದ್ದೇ ತಪ್ಪು ಎಂದು ಹೇಗೆ ಹೇಳುವುದು, ಕಾಲವೇ ಹಾಗೆ ಉಂಟು. ಉಮ್ಮರಬ್ಬನಿಗೆ ಈ ಕಡೆ ಬುಕ್ಕಿಂಗ್ ಕಮ್ಮಿಯಾಗಿದೆ ಎಂದು ಕೇಳಿದೆ. ಬೇರೆ ಕಡೆ ಇರಬಹುದು.

ಸಂಜೆ ತಿಲಕ್ ಬಂದಿದ್ದ. ಕಾಲು ಮುಟ್ಟಿ ನಮಸ್ಕಾರ ಮಾಡಿ ಕೂತ. ಮಂಡಲಕ್ಕೆ ಹೊಸ ಹೆಸರು ಯುಗಾದಿಗೆ ಇಡುವುದಂತೆ, ಬೋರ್ಡಿಗೆ ಕೊಟ್ಟಾಗಿದೆ. ಹೊಸ ಹೆಸರು ಬಂದ ಮೇಲೆ ಕಾರ್ಲ್ಟನ್ ಅಂಕಲ್ ಅದರಲ್ಲಿ ಇರುವುದು ಅವರಿಗೇ ಸರಿಯಾಗುವುದಿಲ್ಲ ಅಲ್ವಾ ಮಾಸ್ಟ್ರೇ ಎಂದ. ಅವರನ್ನೂ ಹಾಗೇ ಬಿಡುವುದು ಚಂದ ಅಲ್ಲ. ನೀವು ಅಂದು ತೋರಿಸಿಕೊಟ್ಟ ದಾರಿ ಉಂಟಲ್ಲ, ಹಾಗೆಯೇ ಮಾಡುವ. ಒಂದು ಪತ್ರ ಬೇಕು ಎಂದ.

ರಮಾಮಣಿ ಅಡುಗೆಮನೆಯ ಬಾಗಿಲಲ್ಲಿ ಚಾದ ಲೋಟ ಹಿಡಿದು ನಿಂತಿದ್ದಳು. ತಿಲಕ್ ನನ್ನ ಬಾಯಿ ನೋಡುತ್ತಾ ಕೂತ. ನಾನು ಗಂಟಲು ಮುಟ್ಟಿ ತೋರಿಸಿದೆ. ಯಾಕೆ ತೋರಿಸಿದೆನೋ ಗೊತ್ತಿಲ್ಲ. ಕೈ ತಾನಾಗಿ ಹೋಯಿತು.

“ಅಯ್ಯೋ, ಪುನಃ ಶುರುವಾಯ್ತಾ? ಮಾತಾಡುವುದು ಬೇಡ ಮಾಸ್ಟ್ರೇ. ಬರೆದು ಕೊಟ್ಟರೆ ಸಾಕು.”

ಅವನು ಚಾ ಕುಡಿದು, ಲೋಟವನ್ನು ತಾನೇ ಒಳಗೆ ಇಟ್ಟು ಹೋದ. ಬೈಕಿನ ಶಬ್ದ ದೂರವಾಗುವವರೆಗೆ ರಮಾಮಣಿ ಅಲ್ಲೇ ನಿಂತಿದ್ದಳು. ಆಮೇಲೆ ಸ್ಟೂಲು ಎಳೆದು ಹತ್ತಿ, ಕಪಾಟಿನ ಮೇಲಿನಿಂದ ಸ್ಲೇಟು ತೆಗೆದು, ಸೆರಗಿನಲ್ಲಿ ಧೂಳು ಒರೆಸಿ, ಬಳಪದ ಸಮೇತ ನನ್ನ ಎದುರು ಇಟ್ಟು ಒಳಗೆ ಹೋದಳು. ಸ್ಲೇಟು ಇನ್ನೂ ಇಲ್ಲೇ ಮೇಜಿನ ಮೇಲೆ ಉಂಟು.